ಕಡೀತೈತ್ರಿ ಅಂದರೆ ತಿಗಣೆ ಹುಡುಕಿದರು

2006ರ ಮೇ 21, ಭಾನುವಾರ, ಬೆಳಿಗ್ಗೆ ಹತ್ತೂ ಕಾಲು. ಬೆಂಗಳೂರಿನ ಹೊಸಹಳ್ಳಿಯ ನಮ್ಮ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತು, ನಮ್ಮಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದ ಹುಡುಗಿ ಸೋಪಿನ ಕೈಯಲ್ಲೇ ಮಣಿಕಟ್ಟನ್ನು ಪರಪರ ಕೆರೆದುಕೊಂಡಳು. ನನ್ನ ದಿನಚರಿಯಲ್ಲಿ ಈ ಕಥೆ ಶುರುವಾಗುವುದು ಅಲ್ಲಿಂದ.

ದಿನಚರಿ ಅಂದರೆ ಮನಸ್ಸಿನ ಮಾತು ಬರೆಯುವಂಥದ್ದಲ್ಲ. ನನ್ನದು ಲೆಕ್ಕದ ದಿನಚರಿ. ಕಾವೇರಿ ನೀರು ಯಾವ ದಿನ ಬಂತು, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಾಳಿತು, ಕಾಲೇಜಿಗೆ ಹೋಗುವ ಬಸ್ಸು ಎಷ್ಟು ಸಲ ನಿಲ್ಲಿಸದೆ ಹೋಯಿತು, ಇಂಥವು. ಬಿ.ಕಾಂ. ಕೊನೆಯ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುತ್ತಿದ್ದ ಆ ಬೇಸಿಗೆಯಲ್ಲಿ ಲೆಕ್ಕ ಇಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಹಾಗಾಗಿ ನವೆಗೂ ಒಂದು ಕಾಲಂ ಹಾಕಿದೆ.

ಆ ಹುಡುಗಿ ಬಾಗಲಕೋಟೆ ಕಡೆಯವಳು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿದ ಷರ್ಟುಗಳನ್ನು ತಪಾಸಣೆ ಮಾಡುವ ಕೆಲಸ. ಏಪ್ರಿಲ್ ಮೊದಲ ವಾರದಲ್ಲಿ ಅವಳ ಅಪ್ಪನೇ ಬಂದು ಬಿಟ್ಟುಹೋಗಿದ್ದರು. ಹಾಸ್ಟೆಲಿಗೆ ಸೇರಿಸುವುದಿಲ್ಲ, ಸಂಸಾರಸ್ಥರ ಮನೆಯಲ್ಲಿ ಜಾಗ ಸಿಕ್ಕಿದರೆ ಮಾತ್ರ ಕೆಲಸ, ಇಲ್ಲದಿದ್ದರೆ ವಾಪಸ್ ಊರು, ಅದು ಅವರ ಷರತ್ತು. ಅಮ್ಮ ಒಪ್ಪಿಕೊಂಡು ನನ್ನ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಿಸಿದಳು. ಅಂದರೆ ಅವಳ ನೌಕರಿ ನಿಂತಿದ್ದದ್ದು ಆ ಮಂಚದ ಮೇಲೆ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬಂದ ಮಾರನೆಯ ಬೆಳಿಗ್ಗೆಯೇ ಒಂದು ತಮಾಷೆ ನಡೆದಿತ್ತು. ಅಮ್ಮ ಅಡುಗೆಮನೆಯಿಂದ, "ತಿಂಡಿ ಆಯ್ತೇನಮ್ಮಾ?" ಅಂತ ಕೇಳಿದಳು. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು, "ಇಲ್ರೀ ಅಮ್ಮಾರ! ನನಗ ತಿಂಡಿ ಗಿಂಡಿ ಏನೂ ಇಲ್ರಿ. ದಿನಾ ಜಳಕಾ ಮಾಡ್ತೀನಿ!" ಅಂದಳು. ಅವರ ಕಡೆ ತಿಂಡಿ ಅಂದರೆ ನವೆ. ನಾವು ತಿಂಡಿ ಅನ್ನುವುದಕ್ಕೆ ಅವರು ನಾಷ್ಟಾ ಅನ್ನುತ್ತಾರೆ. ಗೊತ್ತಾದ ಮೇಲೆ ಅಪ್ಪ ಬಿಟ್ಟರೆ ತಾನೆ? ದಿನಾ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, "ಏನಮ್ಮಾ, ಇವತ್ತು ನಿಂಗೆ ತಿಂಡಿ ಸ್ವಲ್ಪ ಜಾಸ್ತೀನೇ ಹಾಕ್ಲಾ?" ಅನ್ನುವುದು. ಅವಳೂ ನಗುತ್ತಿದ್ದಳು. ಆದರೆ ಆ ಪದವನ್ನು ಅವಳ ಬಾಯಲ್ಲಿ ನಾನು ಮತ್ತೆ ಕೇಳಿದ್ದು ಜೂನ್ ತಿಂಗಳಲ್ಲಿ, ಅದೂ ಸಿಟ್ಟಿನಲ್ಲಿ.

ಮೇ 21ಕ್ಕೆ ಬರುತ್ತೇನೆ. ಮಣಿಕಟ್ಟಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು. ಅಮ್ಮ ಒಂದು ನೋಟ ನೋಡಿ, "ಬೆವರುಸಾಲೆ ಕಣೇ. ನಿಮ್ಮೂರಿನ ಬಿಸಿಲಿಗಿಂತ ಹೆಚ್ಚೇನಾ ಇದು?" ಅಂದಳು. ಬೇವಿನಸೊಪ್ಪು ಕುದಿಸಿದ ನೀರಲ್ಲಿ ಸ್ನಾನ ಮಾಡಿಸಿದಳು. ಅರಿಶಿನ ಹಚ್ಚಿದಳು. ಬೇವಿನ ನೀರಿಗೆ ಗುಳ್ಳೆ ಉರಿಯಿತು, ಅರಿಶಿನಕ್ಕೆ ಅವಳ ಹಾಸಿಗೆಯ ಬೆಡ್‌ಶೀಟ್ ಹಳದಿಯಾಯಿತು. ನವೆ ಮಾತ್ರ ಹಾಗೇ ಇತ್ತು. ರಾತ್ರಿ ದೀಪ ಆರಿಸಿದ ಮೇಲೆ ಅವಳು ಹೊರಳಾಡುವ ಸದ್ದು ಕೇಳಿಸುತ್ತಿತ್ತು.

ಆಮೇಲೆ ಮೆಡಿಕಲ್ ಸ್ಟೋರು. ಅಂಗಡಿಯವನು ಏನು ಎತ್ತ ಅಂತ ಕೇಳದೆ, "ಎಲ್ಲಾದಕ್ಕೂ ಆಗುತ್ತೆ ಮೇಡಂ" ಅಂತ ಒಂದು ಟ್ಯೂಬ್ ಕೊಟ್ಟ. ನಾಲ್ಕು ದಿನ ನಿಜವಾಗಲೂ ಕಮ್ಮಿಯಾಯಿತು. ನಾನು ಕಾಲಂನಲ್ಲಿ ಸಂತೋಷದಿಂದ ಟಿಕ್ ಹಾಕಿದೆ. ಐದನೆಯ ದಿನ ಗುಳ್ಳೆ ಮಣಿಕಟ್ಟು ದಾಟಿ ಮೊಣಕೈಗೆ ಹೋಗಿತ್ತು, ಸೊಂಟದ ಸುತ್ತಲೂ ಬಂದಿತ್ತು. ಎಲ್ಲಾದಕ್ಕೂ ಆಗುವ ಇಂಥ ಮುಲಾಮಿನಲ್ಲಿ ಸ್ಟಿರಾಯ್ಡ್ ಇರುತ್ತದೆ, ಅದು ಕೆಂಪನ್ನೂ ನವೆಯನ್ನೂ ಸ್ವಲ್ಪ ದಿನ ಅಡಗಿಸುತ್ತದೆ, ಕಾಯಿಲೆಯನ್ನಲ್ಲ ಅಂತ ಆಮೇಲೆ ತಿಳಿಯಿತು. ಹುಳುಕಡ್ಡಿ ಇರುವವರು ಅದನ್ನು ಹಚ್ಚಿದರೆ ಇನ್ನೂ ಕೆಟ್ಟದ್ದಂತೆ. ಉಂಗುರದ ಆಕಾರ ಅಳಿಸಿಹೋಗಿ, ಡಾಕ್ಟರಿಗೂ ಗುರುತು ಹತ್ತದ ಹಾಗೆ ಹರಡಿಕೊಳ್ಳುತ್ತದೆ.

ಜೂನ್ ಮೊದಲ ವಾರ ನಮ್ಮ ಬೀದಿಯ ಹಳೆಯ ಡಾಕ್ಟರ ಹತ್ತಿರ ಹೋದೆವು. ಅಮ್ಮ, ನಾನು, ಅವಳು. ಅಲ್ಲಿ ನಡೆದ ಮಾತು ನನಗೆ ಒಂದಕ್ಷರ ಬಿಡದೆ ನೆನಪಿದೆ.

"ಏನಮ್ಮಾ?"

"ಕಡೀತೈತ್ರಿ ಸಾರ್."

"ಏನು ಕಡಿಯುತ್ತೆ?"

"ಮೈಯೆಲ್ಲಾ ಕಡೀತೈತ್ರಿ."

"ಯಾವಾಗ? ಹಗಲೋ, ರಾತ್ರೀನೋ?"

"ರಾತ್ರಿ ಭಾಳ್ರಿ. ಮಕ್ಕೊಂಡ ಮ್ಯಾಲ ಕಡ್ಯಾಕ ಸುರು ಮಾಡ್ತೈತಿ."

ಡಾಕ್ಟರು ಕುರ್ಚಿಗೆ ಒರಗಿಕೊಂಡರು. ಅವರಿಗೆ ಬೇಕಾದ್ದು ಸಿಕ್ಕಿತ್ತು. ಅವಳನ್ನು ಬಿಟ್ಟು ಅಮ್ಮನ ಕಡೆ ತಿರುಗಿ, "ಮಲಗಿದ ಮೇಲೆ ಕಡಿಯೋದು ಇನ್ನೇನಮ್ಮಾ, ತಿಗಣೆ. ಹಾಸಿಗೆ ಎಲ್ಲಾ ಬಿಸಿಲಿಗೆ ಹಾಕ್ಸಿ. ಮಂಚದ ಸಂದಿಗೆ ಸೀಮೆಎಣ್ಣೆ ಬಿಡಿ" ಅಂದರು. ಗುಲಾಬಿ ಬಣ್ಣದ ಒಂದು ಲೋಷನ್, ನಿದ್ದೆ ಬರಿಸುವ ಒಂದು ಮಾತ್ರೆ ಬರೆದುಕೊಟ್ಟರು. ಬೆರಳ ಸಂದಿ ನೋಡಲಿಲ್ಲ.

ಅವಳು ಹೇಳಿದ್ದು ನವೆಯ ವಿಷಯ. ಅವರ ಕಡೆ ಮೈ ಕಡಿಯುತ್ತದೆ ಅಂದರೆ ಮೈ ನವೆಯಾಗುತ್ತದೆ ಅಂತ. ನಮ್ಮ ಕಡೆ ಕಡಿಯುವುದಕ್ಕೆ ಹಲ್ಲಿರುವ ಯಾವುದಾದರೂ ಪ್ರಾಣಿ ಬೇಕು. ತಿಂಡಿ ಅಂದರೆ ನಗುತ್ತಾರೆ ಅಂತ ಆ ಪದ ಬಿಟ್ಟು ಈ ಪದ ಹಿಡಿದಿದ್ದಳು. ಪಕ್ಕದಲ್ಲೇ ಕೂತಿದ್ದ ನನಗೂ ಅದು ಹೊಳೆಯಲಿಲ್ಲ. ನಾನೂ ತಿಗಣೆ ಅಂತಲೇ ನಂಬಿದೆ. ಸಂಕಟ ಏನೆಂದರೆ, ರಾತ್ರಿ ಹೆಚ್ಚಾಗುವ ನವೆ ಅನ್ನುವುದೇ ಅವಳ ಕಾಯಿಲೆಯ ಮುಖ್ಯ ಗುರುತು. ಅದನ್ನು ಅವಳು ಮೊದಲ ನಿಮಿಷದಲ್ಲೇ ಸರಿಯಾಗಿ ಹೇಳಿದ್ದಳು.

ಮನೆಗೆ ಬರುವ ದಾರಿಯಲ್ಲೇ ಅಮ್ಮನದು ಶುರುವಾಯಿತು.

"ನಮ್ಮ ಮನೇಲಿ ತಿಗಣೆ! ಮೂವತ್ತು ವರ್ಷ ಸಂಸಾರ ಮಾಡಿದೀನಿ, ಒಬ್ರೂ ಈ ಮಾತು ಅಂದಿರ್ಲಿಲ್ಲ."

"ನಾ ತಿಗಣಿ ಅಂದಿಲ್ರೀ ಅಮ್ಮಾರ."

"ಕಡಿಯುತ್ತೆ ಅಂದ್ಯಲ್ಲ. ಮತ್ತೆ ಯಾರು ಕಡೀತಾರೆ? ರಾತ್ರಿ ಎದ್ದು ಬಂದು ನಾನು ಕಡೀತೀನಾ?"

ಹುಡುಗಿಗೆ ನಗು ಬಂತು, ತಡೆದುಕೊಂಡಳು. ಅಮ್ಮ ಅದನ್ನೂ ನೋಡಿದಳು.

ಆಮೇಲಿನ ಮೂರು ದಿನ ನಮ್ಮ ಮನೆಯಲ್ಲಿ ತಿಗಣೆ ಯುದ್ಧ. ಹಾಸಿಗೆ, ದಿಂಬು, ಸೋಫಾದ ಮೆತ್ತೆ, ಎಲ್ಲಾ ತಾರಸಿಗೆ ಹೋದವು. ಮಂಚದ ಒಂದೊಂದು ಸಂದಿಗೂ ಸೀಮೆಎಣ್ಣೆ ಬಿಟ್ಟದ್ದಾಯಿತು. ಪಕ್ಕದ ಮನೆ ಆಂಟಿ ಗೋಡೆಯಾಚೆಯಿಂದ, "ಏನ್ರೀ, ತಿಗಣೇನಾ?" ಅಂತ ಕೇಳಿದಾಗ ಅಮ್ಮ, "ಛೆ ಛೆ, ಸುಮ್ನೆ ಬಿಸಿಲು ಕಾಯ್ಸೋಣ ಅಂತ" ಅಂದಳು. ಟಾರ್ಚ್ ಹಿಡಿದು ಹುಡುಕಿದವಳು ನಾನು. ಸಿಕ್ಕಿದ ತಿಗಣೆ ಸೊನ್ನೆ. ಕೋಣೆಯಲ್ಲಿ ಸೀಮೆಎಣ್ಣೆ ವಾಸನೆಗೆ ಇಬ್ಬರಿಗೂ ತಲೆನೋವು. ತಿಗಣೆ ಸಿಗದಿದ್ದದ್ದರಿಂದ ಅಮ್ಮನ ಕೋಪ ಇಳಿಯಬೇಕಿತ್ತು, ಏರಿತು. ಇಲ್ಲದ ತಿಗಣೆಯನ್ನು ಇದೆ ಅಂದಳಲ್ಲ ಅಂತ. "ಈ ತಿಂಗಳು ನೋಡ್ತೀನಿ. ವಾಸಿ ಆಗ್ಲಿಲ್ಲಾಂದ್ರೆ ಅವರಪ್ಪಂಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡ್ ಹೋಗ್ಲಿ" ಅಂತ ನನ್ನ ಹತ್ತಿರ ಹೇಳಿದಳು. ಹುಡುಗಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದಳು.

ಆ ವಾರದ ಕೊನೆಗೆ ನನ್ನ ಎಡಗೈಯ ಬೆರಳ ಸಂದಿಯಲ್ಲಿ ನವೆ ಶುರುವಾಯಿತು.

ಜೂನ್ 12, ಸೋಮವಾರ, ಅವಳು ಅರ್ಧ ದಿನ ರಜೆ ಹಾಕಿದಳು. ಇಬ್ಬರೂ ಒಂದು ದೊಡ್ಡ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ ಸಾಲಿನಲ್ಲಿ ನಿಂತೆವು. ಒಳಗಿದ್ದದ್ದು ನಡುವಯಸ್ಸಿನ ಲೇಡಿ ಡಾಕ್ಟರು. ಹುಡುಗಿ ಕೂತವಳೇ ಅಭ್ಯಾಸಬಲದಿಂದ, "ಕಡೀತೈತ್ರಿ" ಅಂದಳು.

"ಏನು ಕಡಿ..." ಅಂತ ಡಾಕ್ಟರು ಶುರು ಮಾಡುವಷ್ಟರಲ್ಲಿ ಅವಳಿಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು.

"ಏನೂ ಕಡಿಯೂದಿಲ್ರಿ! ತಿಂಡಿ, ತಿಂಡಿ ಐತ್ರಿ ನನಗ! ತಿಂಡಿ ಅಂದ್ರ ನಗ್ತೀರಿ. ಕಡೀತೈತಿ ಅಂದ್ರ ತಿಗಣಿ ಹುಡುಕ್ತೀರಿ. ಮತ್ತ ನಾ ಏನಂತ ಹೇಳ್ಲಿ?"

ಸಾಲಿನಲ್ಲಿದ್ದವರು ಬಾಗಿಲಲ್ಲಿ ಇಣುಕಿದರು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, "ಏನೂ ಹೇಳ್ಬೇಡ, ಕೈ ಕೊಡು" ಅಂದರು. ಕಿಟಕಿಯ ಬೆಳಕಿಗೆ ಕೈ ತಿರುಗಿಸಿ, ಬೆರಳುಗಳನ್ನು ಅಗಲಿಸಿ, ಒಂದು ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಮಣಿಕಟ್ಟು, ಸೊಂಟ. ನಂತರ ನನ್ನ ಕೈ. ನನಗೂ ತೋರಿಸಿದರು. ಸಂದಿಯಲ್ಲಿ ಬೂದು ಬಣ್ಣದ ಒಂದು ಗೆರೆ, ದಾರದ ಎಳೆಯಷ್ಟು ಸಣ್ಣದು, ತುದಿಯಲ್ಲಿ ಚುಕ್ಕೆ. ಕಣ್ಣಿಗೆ ಕಾಣದ ಹುಳು ಚರ್ಮದೊಳಗೆ ಕೊರೆದ ದಾರಿ ಅದು.

"ಕಜ್ಜಿ" ಅಂದರು ಡಾಕ್ಟರು. "ಮನೇಲಿ ಎಷ್ಟು ಜನ ಇದೀರಾ?"

"ನಾಲ್ಕು."

"ನಾಲ್ಕೂ ಜನ ಹಚ್ಕೋಬೇಕು. ಒಂದೇ ದಿನ. ನವೆ ಇರ್ಲಿ, ಬಿಡ್ಲಿ."

ಮುಲಾಮಿನ ಹೆಸರು ಪರ್ಮೆಥ್ರಿನ್. ಮಲಗುವ ಮುಂಚೆ ಕುತ್ತಿಗೆಯಿಂದ ಅಂಗಾಲಿನವರೆಗೆ, ಗುಳ್ಳೆ ಇರುವಲ್ಲಿ ಮಾತ್ರವಲ್ಲ, ಬೆರಳ ಸಂದಿ, ಉಗುರಿನ ಬುಡ, ಹೊಕ್ಕಳು, ಎಲ್ಲಾ ಕಡೆ. ಬೆಳಿಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಂದು ಸಲ. ಬಟ್ಟೆ, ಹೊದಿಕೆ ಬಿಸಿನೀರಿನಲ್ಲಿ ಒಗೆದು ಒಣಗಿಸುವುದು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಮುಟ್ಟದೆ ಇಡುವುದು. ಹುಳು ಸತ್ತ ಮೇಲೂ ಎರಡು ಮೂರು ವಾರ ನವೆ ಇರಬಹುದು, ಹೆದರಿ ದಿನಾ ದಿನಾ ಹಚ್ಚಬಾರದು.

ಬೇರೆ ಕಾಯಿಲೆಗಳಿಂದ ಇದನ್ನು ಬೇರೆ ಮಾಡಿ ಗುರುತಿಸುವುದು ಹೇಗೆ ಅಂತ ನಾನು ಕೇಳಿದೆ. ಹಿಂದೆ ಅಷ್ಟು ಜನ ನಿಂತಿದ್ದರೂ ಹೇಳಿದರು. ಬೆವರುಸಾಲೆ ಕುತ್ತಿಗೆ, ಬೆನ್ನಿನಲ್ಲಿ ಚುಚ್ಚುತ್ತದೆ, ತಂಪಿಗೆ ಕೂತರೆ ಇಳಿಯುತ್ತದೆ. ಹುಳುಕಡ್ಡಿ ಉಂಗುರದ ಹಾಗೆ, ಅಂಚು ಉಬ್ಬಿ ನಡುವೆ ತಿಳಿಯಾಗಿರುತ್ತದೆ. ಇಸುಬು, ಅಂದರೆ ಎಕ್ಸಿಮಾ, ಸಾಮಾನ್ಯವಾಗಿ ಅದೇ ಅದೇ ಜಾಗಕ್ಕೆ ಮರಳಿ ಬರುತ್ತದೆ, ಚರ್ಮ ದಪ್ಪವಾಗುತ್ತದೆ, ಕೆಲವು ಸಲ ಸೋರುತ್ತದೆ. ಸೊಳ್ಳೆ, ತಿಗಣೆ ಹೆಚ್ಚಾಗಿ ಬಟ್ಟೆ ಮುಚ್ಚದ ಕಡೆ ಕಚ್ಚುತ್ತವೆ, ಬೆರಳ ಸಂದಿ ಹುಡುಕಿಕೊಂಡು ಹೋಗುವುದಿಲ್ಲ. ರಾತ್ರಿ ನವೆ ಹೆಚ್ಚು, ಬೆರಳ ಸಂದಿ, ಮಣಿಕಟ್ಟು, ಸೊಂಟ, ಮನೆಯಲ್ಲಿ ಇನ್ನೊಬ್ಬರಿಗೂ ಇದೆ ಅಂದರೆ ಮೊದಲು ಕಜ್ಜಿ ಅಂತ ಅನುಮಾನ ಪಡಬೇಕು.

ಮೊದಲು ಯಾರಿಗೆ ಬಂತು ಅಂತಲೂ ಕೇಳಿದೆ. ನನ್ನ ಕಾಲಂ ತುಂಬಾ ತಾರೀಖುಗಳೇ ಇದ್ದವಲ್ಲ. ಡಾಕ್ಟರು ತಲೆಯಾಡಿಸಿದರು. ಮೊದಲ ಸಲ ಹುಳು ಹತ್ತಿದವರಿಗೆ ನವೆ ಶುರುವಾಗುವುದಕ್ಕೆ ನಾಲ್ಕೈದು ವಾರವೂ ಆಗಬಹುದಂತೆ. ಮೊದಲು ಕೆರೆದುಕೊಂಡವರೇ ತಂದವರು ಅಂತ ಹೇಳಲಾಗದು. ಅವಳಿಗೆ ಕೆಲಸದ ಕಡೆ ಹತ್ತಿರಬಹುದು, ಊರಿಂದ ಬಂದಿರಬಹುದು, ನಮ್ಮ ಮನೆಯಲ್ಲೇ ಹತ್ತಿರಬಹುದು. ಅಷ್ಟು ಅಚ್ಚುಕಟ್ಟಾಗಿ ಬರೆದ ತಾರೀಖುಗಳು ಯಾವ ಕೆಲಸಕ್ಕೂ ಬರಲಿಲ್ಲ.

ನಾಲ್ಕು ಟ್ಯೂಬ್ ತಂದು ಅಮ್ಮನ ಮುಂದೆ ಇಟ್ಟೆ. ಕಜ್ಜಿ ಅನ್ನುವ ಪದ ಕೇಳಿ ಅಮ್ಮ ಎರಡು ಹೆಜ್ಜೆ ಹಿಂದೆ ಹೋದಳು.

"ಕಜ್ಜಿ ಬರೋದು ಬೀದಿ ನಾಯಿಗೆ ಕಣೇ!"

"ಮನುಷ್ಯರಿಗೂ ಬರುತ್ತಮ್ಮಾ. ಕೊಳಕಿಗೂ ಅದಕ್ಕೂ ಸಂಬಂಧ ಇಲ್ವಂತೆ. ನಂಗೇ ಬಂದಿದೆ ನೋಡು."

"ನಿಂಗೆ ಅವಳಿಂದ ಬಂತು. ನಾನು ದಿನಾ ಎರಡು ಹೊತ್ತು ಸ್ನಾನ ಮಾಡೋಳು. ನಂಗ್ಯಾಕೆ ಇದು?"

"ಎಲ್ಲರೂ ಹಚ್ಚಲಿಲ್ಲಾಂದ್ರೆ ಮತ್ತೆ ಬರುತ್ತೆ ಅಂದಿದಾರೆ."

"ಬರೋರಿಗೆ ಬರ್ಲಿ."

ಅಪ್ಪ ಜಗಳ ಬೇಡ ಅಂತ ಒಂದು ಟ್ಯೂಬ್ ಎತ್ತಿಕೊಂಡು, ಅಂಗೈಗೂ ಮುಂಗೈಗೂ ಹಚ್ಚಿ, ತುಂಬುತೋಳಿನ ಷರ್ಟು ತೊಟ್ಟು ಟೀವಿ ಮುಂದೆ ಕೂತರು. "ಮೈಗೆ ಹಚ್ಕೊಳಪ್ಪಾ" ಅಂದರೆ, "ಕೈಯಿಂದ ತಾನೇ ಎಲ್ಲಾ ಮುಟ್ಟೋದು?" ಅಂದರು. ನಾನೂ ಹುಡುಗಿಯೂ ಮಾತ್ರ ಪೂರ್ತಿ ಹಚ್ಚಿಕೊಂಡೆವು. ಬೆನ್ನಿಗೆ ಒಬ್ಬರಿಗೊಬ್ಬರು. ವಾರ ಬಿಟ್ಟು ಎರಡನೆಯ ಸಲ. ಇಬ್ಬರಿಗೂ ನವೆ ಇಳಿಯಿತು. ಮೊದಲ ಸಲ ಅವಳು ರಾತ್ರಿ ಹೊರಳಾಡದೆ ಮಲಗಿದಳು. ಬೆಳಿಗ್ಗೆ ಎದ್ದು, "ಅಕ್ಕಾ, ಅಪ್ಪಗ ಫೋನ್ ಮಾಡೂದಿಲ್ಲಲ್ಲ ಅಮ್ಮಾರು?" ಅಂತ ಕೇಳಿದಳು. ಇಲ್ಲ ಅಂದೆ. ಫೋನ್ ಮಾಡಬೇಡ ಅಂತ ಅಮ್ಮನಿಗೂ ಹೇಳಿದೆ. ಅಮ್ಮ ಹೂಂ ಅಂದಳು.

ಆ ದಿನಗಳಲ್ಲೇ ನಾನು ಅಮ್ಮನನ್ನು ಗಮನಿಸತೊಡಗಿದ್ದು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಸೊಂಟ ಒತ್ತಿ ಮೆಲ್ಲಗೆ ಉಜ್ಜಿಕೊಳ್ಳುವಳು. ಕೇಳಿದರೆ, "ಲಂಗದ ಲಾಡಿ ಬಿಗಿಯಾಗಿದೆ. ಯುಗಾದಿಯಿಂದ ಹೀಗೇ, ಸೆಕೆಗೆ" ಅನ್ನುವಳು. ಹೊರಗೆ ಜೂನ್ ಮಳೆ. ಅಪ್ಪ ಸ್ವೆಟರ್ ತೊಟ್ಟಿದ್ದರು. ನಾನು ಮತ್ತೆ ಟ್ಯೂಬ್ ಇಟ್ಟೆ, ಮತ್ತೆ ಹೇಳಿದೆ, ಹಬ್ಬದ ಹೆಸರು ಅವಳ ಬಾಯಿಂದಲೇ ಬಂದದ್ದನ್ನು ನೆನಪಿಸಿದೆ. ಯುಗಾದಿ ಮಾರ್ಚ್ ಕೊನೆಗೆ, ಹುಡುಗಿ ಬಂದದ್ದು ಏಪ್ರಿಲ್‌ನಲ್ಲಿ. "ಲಾಯರ್ ಆಗು ನೀನು" ಅಂದಳು ಅಮ್ಮ. ಟ್ಯೂಬ್ ದೇವರ ಗೂಡಿನ ಕೆಳಗಿನ ಡ್ರಾಯರಿಗೆ ಹೋಯಿತು. ಅಮ್ಮನದು ಕಜ್ಜಿಯೇ ಅಂತ ಯಾವ ಡಾಕ್ಟರೂ ನೋಡಿ ಹೇಳಿಲ್ಲ, ಅದನ್ನೂ ಬರೆಯಬೇಕು. ತೋರಿಸುವುದಕ್ಕೇ ಒಪ್ಪದವಳನ್ನು ಯಾರು ನೋಡುತ್ತಾರೆ?

ಜುಲೈ 6ಕ್ಕೆ ಹುಡುಗಿಯ ಮಣಿಕಟ್ಟಿನಲ್ಲಿ ಹೊಸ ಗುಳ್ಳೆ. ಹಳೆಯ ನವೆ ಉಳಿದದ್ದಲ್ಲ, ಹೊಸ ಜಾಗ, ಹೊಸ ಗೆರೆ. ಎರಡು ದಿನಕ್ಕೆ ನನಗೂ. ಅಮ್ಮನ ತಲೆ ಒತ್ತುತ್ತಿದ್ದವಳು ಅವಳು, ಅಮ್ಮನ ಸೀರೆ ಮಡಿಸುತ್ತಿದ್ದವಳು ಅವಳು, ನಾನೂ ಅಮ್ಮನ ತೊಡೆಯ ಮೇಲೆ ತಲೆ ಇಡುವವಳು. ಮತ್ತೆ ಹತ್ತುವುದಕ್ಕೆ ಇನ್ನೇನು ಬೇಕು? ಅಮ್ಮನಿಗೆ ಕಂಡದ್ದು ಬೇರೆ. "ನೋಡ್ದಾ? ಅಷ್ಟು ದುಬಾರಿ ಔಷಧಿ ಹಚ್ಚಿದ್ರೂ ಹೋಗ್ಲಿಲ್ಲ. ಅವಳ ಮೈಯಲ್ಲೇ ಇದೆ ಅದು." ಆ ಸಂಜೆಯೇ ಫೋನ್ ಮಾಡಿಬಿಟ್ಟಳು.

ಕರೆದುಕೊಂಡು ಹೋಗಲು ಬಂದದ್ದು ಅವಳ ಅಣ್ಣ. ಅಮ್ಮ ಕಾಫಿ ಕೊಟ್ಟಳು, ದಾರಿಗೆ ಚಿತ್ರಾನ್ನ ಕಟ್ಟಿದಳು. ಎಲ್ಲರೂ ಎಷ್ಟು ಮರ್ಯಾದೆಯಿಂದ ಮಾತಾಡಿದರೆಂದರೆ ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

"ಹುಡುಗಿಗೆ ಇಲ್ಲಿ ಹವಾ ಒಗ್ಗಲಿಲ್ಲಪ್ಪಾ" ಅಂದಳು ಅಮ್ಮ.

"ಹೌದ್ರಿ, ಬೆಂಗಳೂರ ನೀರು ಕೆಲವ್ರಿಗೆ ಹತ್ತೂದಿಲ್ರಿ" ಅಂದ ಅಣ್ಣ.

ನಾನು ಬಾಯಿ ತೆರೆದೆ. ಅವಳು ನನ್ನ ತೋಳು ಹಿಡಿದು ಕೋಣೆಗೆ ಎಳೆದುಕೊಂಡು ಹೋದಳು.

"ಬ್ಯಾಡಕ್ಕಾ. ನೀರು ಹತ್ತಲಿಲ್ಲ ಅಂದ್ರ ಒಂದೀಟು ದಿನ ಬಿಟ್ಟು ಮತ್ತ ಕಳಸ್ಬಹುದು. ಕಜ್ಜಿ ಅಂದ್ರ ಯಾರೂ ಕಳಸೂದಿಲ್ಲ. ಯಾರೂ ಮನ್ಯಾಗ ಇಟ್ಕೊಳ್ಳೂದೂ ಇಲ್ಲ."

"ಊರಲ್ಲಿ ಎಲ್ಲರಿಗೂ ಹತ್ತುತ್ತೆ ಕಣೇ."

"ಹಚ್ಚೂದು ಹೆಂಗಂತ ನನಗ ಗೊತ್ತೈತಲ್ಲ" ಅಂದಳು. ಚೀಲದಲ್ಲಿ ಟ್ಯೂಬ್‌ಗಳಿದ್ದವು. ಸಂಬಳದಲ್ಲಿ ತಾನೇ ಕೊಂಡಿದ್ದಳು.

ಅವಳು ಹೋಗಿ ಹದಿನೈದು ದಿನಕ್ಕೆ ಅಮ್ಮನಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಡ್ರಾಯರ್ ಎಳೆದ ಸದ್ದು, ಕೋಣೆಯ ಚಿಲಕ ಹಾಕಿದ ಸದ್ದು ಕೇಳಿಸಿತು. ಅಪ್ಪನ ಷರ್ಟು ಬಿಚ್ಚಿಸಿ ಬೆನ್ನಿಗೂ ಹಚ್ಚಿದ್ದು ಅಮ್ಮನೇ. ನಾನೂ ಅದೇ ದಿನ ಹಚ್ಚಿಕೊಂಡೆ. ವಾರ ಬಿಟ್ಟು ಮತ್ತೊಮ್ಮೆ. ಆಗಸ್ಟ್ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಕೆರೆದುಕೊಳ್ಳುತ್ತಿರಲಿಲ್ಲ. ಅಮ್ಮ ಪಕ್ಕದ ಮನೆ ಆಂಟಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು: "ಆ ಹುಡುಗಿ ಹೋದ್ಮೇಲೆ ನೋಡಿ, ಎಲ್ಲಾ ಸರಿಹೋಯ್ತು."

ತಾರೀಖುಗಳು ಅಮ್ಮನ ಮಾತಿನ ಪರವಾಗಿಯೇ ಇದ್ದವು. ಅವಳು ಹೋದಳು, ಕಾಯಿಲೆ ಹೋಯಿತು.

ಅವಳು ಒಮ್ಮೆ ಫೋನ್ ಮಾಡಿದ್ದಳು, ದೀಪಾವಳಿ ಹತ್ತಿರ. ಮನೆಯವರಿಗೆಲ್ಲಾ ಹಚ್ಚಿಸಿದೆ, ಅಜ್ಜಿಯೊಬ್ಬಳನ್ನು ಒಪ್ಪಿಸುವುದಕ್ಕೆ ನಾಲ್ಕು ದಿನ ಆಯಿತು ಅಂದಳು. ವಾಪಸ್ ಬರ್ತೀಯಾ ಅಂದೆ. "ಅಪ್ಪ ಬ್ಯಾಡಂತಾನ. ನೀರು ಹತ್ತದ ಊರಿಗೆ ಯಾಕ ಹೊಕ್ಕಿ ಅಂತಾನ" ಅಂದಳು. ಕಜ್ಜಿ ಅಂದಿದ್ದರೂ ಕಳಿಸುತ್ತಿರಲಿಲ್ಲ, ನೀರು ಅಂದದ್ದಕ್ಕೂ ಕಳಿಸಲಿಲ್ಲ. ಆಮೇಲೆ ಫೋನ್ ಬರಲಿಲ್ಲ. ಆ ಮಂಚದಲ್ಲಿ ಈಗ ಚಿಕ್ಕಬಳ್ಳಾಪುರದ ಹುಡುಗಿ ಇದ್ದಾಳೆ.

ಇದನ್ನು ಓದುವವರಲ್ಲಿ ಎರಡು ವಿಷಯ ಕೇಳಬೇಕಿದೆ. ಒಂದು, ನವೆಗೆ, ಕಜ್ಜಿಗೆ, ಹುಳುಕಡ್ಡಿಗೆ, ಇಸುಬಿಗೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಬಾಗಲಕೋಟೆ ಕಡೆ ಹುರುಕು ಅನ್ನುವುದೂ ನಮ್ಮ ಕಜ್ಜಿಯೂ ಒಂದೇ ಏನು? ಪದಗಳನ್ನು ಸೇರಿಸಿ ಒಂದು ಹಾಳೆ ಮಾಡಿ ನಮ್ಮ ಬೀದಿಯ ಡಾಕ್ಟರ ಮೇಜಿನ ಗಾಜಿನ ಕೆಳಗೆ ಇಡಿಸಬೇಕು ಅಂತಿದ್ದೇನೆ. ಅವರು ಒಪ್ಪಿದ್ದಾರೆ, ಆದರೆ ನನಗೆ ಗೊತ್ತಿರುವುದು ತಿಂಡಿ, ಕಡಿತ, ಹುರುಕು, ಬಾಗಲಕೋಟೆಯ ಈ ಮೂರು ಪದ ಮಾತ್ರ. ಎರಡು, ನವೆಯೇ ಇಲ್ಲ ಅನ್ನುವ ಮನೆಯ ಹಿರಿಯರನ್ನು ಅದೇ ದಿನ ಮುಲಾಮು ಹಚ್ಚಿಕೊಳ್ಳುವ ಹಾಗೆ ಒಪ್ಪಿಸುವುದು ಹೇಗೆ? ಡಾಕ್ಟರು, ನರ್ಸು, ಮನೆಯಲ್ಲಿ ಇದನ್ನು ಮಾಡಿ ಗೆದ್ದವರು, ಯಾರಾದರೂ ಸರಿ, ದಯವಿಟ್ಟು ಬರೆದು ತಿಳಿಸಿ.